ಅಮ್ಮನಿಗೆ ಮಾಡುವ ಫೋನೂ ಲೆಕ್ಕಕ್ಕೆ

ಅಮೆರಿಕದ ಪೌರತ್ವ ಪಡೆದು, ಅಲ್ಲಿನ ರಕ್ಷಣಾ ಗುತ್ತಿಗೆ ಕಂಪನಿ ಸೇರುವ ಕನ್ನಡಿಗ ಎಂಜಿನಿಯರ್ ಸೆಕ್ಯುರಿಟಿ ಕ್ಲಿಯರೆನ್ಸ್‌ಗಾಗಿ, ಅಂದರೆ ರಹಸ್ಯ ಮಾಹಿತಿ ನೋಡುವ ಅನುಮತಿಗಾಗಿ, ‘ಎಸ್‌ಎಫ್-86’ ಎಂಬ ನೂರಕ್ಕೂ ಹೆಚ್ಚು ಪುಟಗಳ ಅರ್ಜಿ ತುಂಬಬೇಕು. ಅಪ್ಪ, ಅಮ್ಮ, ಅತ್ತೆ, ಮಾವ, ಒಡಹುಟ್ಟಿದವರು ಯಾವ ದೇಶದ ಪ್ರಜೆಗಳು? ಅವರ ಜತೆ ಮಾತುಕತೆ ದಿನಾ ಇದೆಯೋ, ವಾರಕ್ಕೊಮ್ಮೆಯೋ? ಫೋನಿನಲ್ಲೋ, ಖುದ್ದಾಗಿಯೋ? ಅವರಲ್ಲಿ ಯಾರಾದರೂ ಸರ್ಕಾರಿ ನೌಕರರೇ? ಊರಿನಲ್ಲಿರುವ ಸೈಟು, ಬ್ಯಾಂಕ್ ಖಾತೆ, ಏಳು ವರ್ಷಗಳ ವಿದೇಶ ಪ್ರಯಾಣ ಎಲ್ಲವನ್ನೂ ಬರೆಯಬೇಕು.

ಈ ಪ್ರಶ್ನೆಗಳ ಬೇರು ಶೀತಲ ಸಮರದ ಆರಂಭದ ವರ್ಷಗಳಲ್ಲಿದೆ. ಚೀನಾದಲ್ಲಿ ಹುಟ್ಟಿದ ರಾಕೆಟ್ ವಿಜ್ಞಾನಿ ಚಿಯೆನ್ ಶ್ವೆಸೆನ್ ಅಮೆರಿಕದ ಸೇನೆಗಾಗಿ ದುಡಿದವರು. 1949ರಲ್ಲಿ ಪೌರತ್ವಕ್ಕೂ ಅರ್ಜಿ ಹಾಕಿದರು. ಮರುವರ್ಷವೇ ಕಮ್ಯುನಿಸ್ಟ್ ಎಂಬ ಗುಮಾನಿಯ ಮೇಲೆ ಅವರ ಕ್ಲಿಯರೆನ್ಸ್ ರದ್ದಾಯಿತು. ಐದು ವರ್ಷ ಕಣ್ಗಾವಲಿನಲ್ಲಿದ್ದು 1955ರಲ್ಲಿ ಚೀನಾಕ್ಕೆ ಹೋದ ಅವರು ಆ ದೇಶದ ಕ್ಷಿಪಣಿ ಕಾರ್ಯಕ್ರಮ ಕಟ್ಟಿದರು. ಭಯದಿಂದ ಮಾಡಿದ ತೀರ್ಮಾನಕ್ಕೆ ಅಮೆರಿಕ ಇದಕ್ಕಿಂತ ದೊಡ್ಡ ಬೆಲೆ ತೆತ್ತ ಇನ್ನೊಂದು ಪ್ರಸಂಗ ನನಗೆ ಗೊತ್ತಿಲ್ಲ.

ಆಗ ಆರೋಪ ಮಾಡಿದವರು ಯಾರೆಂದು ಆರೋಪಿಗೇ ತಿಳಿಯುತ್ತಿರಲಿಲ್ಲ. ಹೀಗೆ ಕೆಲಸ ಕಳೆದುಕೊಂಡ ವಿಮಾನ ಎಂಜಿನಿಯರ್ ವಿಲಿಯಂ ಗ್ರೀನ್ 1959ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಮರುವರ್ಷ ಅಧ್ಯಕ್ಷ ಐಸೆನ್‌ಹೋವರ್ ಹೊರಡಿಸಿದ ಆದೇಶದಿಂದ ಗುತ್ತಿಗೆ ಕಂಪನಿಗಳ ನೌಕರರಿಗೆ ಲಿಖಿತ ಕಾರಣ, ಉತ್ತರಿಸುವ ಅವಕಾಶ, ವಿಚಾರಣೆಯ ಹಕ್ಕು ಸಿಕ್ಕವು. ಕ್ಲಿಯರೆನ್ಸ್ ಮಾತ್ರ ಹಕ್ಕಾಗಲಿಲ್ಲ. ಅಧ್ಯಕ್ಷ ಕ್ಲಿಂಟನ್ ಅವರ 1995ರ ಆದೇಶದ ಪ್ರಕಾರ, ಅನುಮಾನ ಉಳಿದರೆ ಅದು ರಾಷ್ಟ್ರದ ಭದ್ರತೆಯ ಪರವಾಗಿಯೇ ಇತ್ಯರ್ಥವಾಗಬೇಕು.

ಕ್ಲಿಯರೆನ್ಸ್ ತೀರ್ಮಾನಿಸುವ 1997ರ ಮಾರ್ಗಸೂಚಿಯಲ್ಲಿ ಹತ್ತಿರದ ಸಂಬಂಧಿ ವಿದೇಶದಲ್ಲಿರುವುದೇ ಆತಂಕದ ವಿಷಯವಾಗಿತ್ತು. 2005ರ ಪರಿಷ್ಕರಣೆಯಲ್ಲಿ ಒಂದು ಮುಖ್ಯ ಷರತ್ತು ಸೇರಿತು: ಆ ನಂಟಿನಿಂದ ಅಪಾಯ ಮಾಮೂಲಿಗಿಂತ ಹೆಚ್ಚುವಂತಿರಬೇಕು. ಮಗನ ನಿಷ್ಠೆಯನ್ನು ಶಂಕಿಸದಿದ್ದರೂ, ತಾಯಿಯನ್ನು ಹಿಡಿದು ಮಗನನ್ನು ಬಗ್ಗಿಸಬಹುದೇ ಎಂದು ಕೇಳುವುದು ಈ ನಿಯಮದ ತಿರುಳು. ಆ ದೇಶದ ಸರ್ಕಾರ ಎಂಥದ್ದು, ಅಲ್ಲಿ ಬೇಹುಗಾರಿಕೆ ಎಷ್ಟು, ಸಂಬಂಧಿಕರಿಗೆ ಸರ್ಕಾರದ ಜತೆ ನಂಟಿದೆಯೇ ಎಂಬುದೆಲ್ಲ ತೂಕಕ್ಕೆ ಬರುತ್ತದೆ.

ಅಪರೂಪದ, ಮೇಲುಮೇಲಿನ ಪರಿಚಯವಾದರೆ ಅದು ಅರ್ಜಿದಾರರ ಪರ. ಆದರೆ ತಂದೆತಾಯಿಯ ಜತೆಗಿನ ಒಡನಾಟ ಮೇಲುಮೇಲಿನದಲ್ಲ ಎಂದೇ ವಿಚಾರಣೆಯಲ್ಲಿ ಮೊದಲು ಭಾವಿಸುತ್ತಾರೆ. ಪ್ರತಿ ಭಾನುವಾರ ಅಮ್ಮನಿಗೆ ಫೋನ್ ಮಾಡುವ ಮಗಳು ತನ್ನ ಬೇರು ಈಗ ಅಮೆರಿಕದಲ್ಲಿದೆ ಎಂದು ಮನೆ, ಮಕ್ಕಳು, ಉಳಿತಾಯ, ಅಲ್ಲಿ ಕಳೆದ ವರ್ಷಗಳನ್ನು ಮುಂದಿಟ್ಟು ತೋರಿಸಬೇಕು. ಕಾನೂನಿನ ತರ್ಕ ನನಗೆ ಅರ್ಥವಾಗುತ್ತದೆ. ಆದರೂ ಕರುಳಿನ ನಂಟಿಗೆ ಸಮಜಾಯಿಷಿ ಕೊಡಬೇಕಾದ ಆ ಮಗಳ ಸಂಕಟ ಸಣ್ಣದಲ್ಲ.

ಪಾಸ್‌ಪೋರ್ಟ್ ವಿಚಾರದಲ್ಲಿ ನಿಯಮ ಸಡಿಲಗೊಂಡಿದೆ. 2000ದಲ್ಲಿ ರಕ್ಷಣಾ ಇಲಾಖೆ, ವಿದೇಶಿ ಪಾಸ್‌ಪೋರ್ಟ್ ಬಿಟ್ಟುಕೊಡದಿದ್ದರೆ ಕ್ಲಿಯರೆನ್ಸ್ ಇಲ್ಲ ಎಂದಿತ್ತು. 2017ರಿಂದ ಎರಡು ದೇಶಗಳ ಪೌರತ್ವವೊಂದೇ ಅಡ್ಡಿಯಲ್ಲ. ಅದನ್ನು ಮುಚ್ಚಿಟ್ಟರೆ ತೊಂದರೆ. ಭಾರತ ಎರಡು ಪೌರತ್ವ ಒಪ್ಪದ ಕಾರಣ ನಮ್ಮವರು ಪಾಸ್‌ಪೋರ್ಟ್ ಹೇಗೂ ಒಪ್ಪಿಸಿರುತ್ತಾರೆ. ಕೈಯಲ್ಲುಳಿಯುವ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಮತದಾನದ ಹಕ್ಕು ಕೊಡದಿದ್ದರೂ ತನಿಖೆಯಲ್ಲಿ ಅದರ ಪ್ರಶ್ನೆ ಏಳಬಹುದು.

ಹುಟ್ಟಿದ ನೆಲ ನೋಡಿ ದ್ರೋಹ ಅಳೆಯಲಾಗದು. ಮಾಸ್ಕೋಗೆ ರಹಸ್ಯ ಮಾರಿದ ಆಲ್ಡ್ರಿಚ್ ಏಮ್ಸ್, ರಾಬರ್ಟ್ ಹ್ಯಾನ್ಸನ್ ಇಬ್ಬರೂ ಅಮೆರಿಕದಲ್ಲೇ ಹುಟ್ಟಿದವರು. ಮುಂಬೈಯಲ್ಲಿ ಹುಟ್ಟಿ, ಬಿ-2 ಬಾಂಬರ್ ತಯಾರಿಕೆಯಲ್ಲಿ ದುಡಿದ ನೋಶಿರ್ ಗೋವಾಡಿಯಾ ಶಿಕ್ಷೆಗೊಳಗಾದದ್ದು ಚೀನಾಕ್ಕೆ ನೆರವಾದ ಅಪರಾಧಕ್ಕೆ. ಭಾರತಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.

ಅರ್ಜಿದಾರರು ನಂಬಿ ಬರೆದುಕೊಟ್ಟ ಈ ವಿವರಗಳನ್ನು ಕಾಪಾಡುವುದು ಸರ್ಕಾರದ ಹೊಣೆ. 2015ರಲ್ಲಿ ಅಮೆರಿಕದ ಸಿಬ್ಬಂದಿ ಇಲಾಖೆಯ ಕಂಪ್ಯೂಟರ್‌ಗಳಿಗೆ ಕನ್ನ ಬಿದ್ದಿದ್ದು ಬಯಲಾಯಿತು. ಹಿನ್ನೆಲೆ ತನಿಖೆಗೆ ಸೇರಿದ 2.15 ಕೋಟಿ ಜನರ ಮಾಹಿತಿ ಕಳವಾಗಿತ್ತು. ಎಸ್‌ಎಫ್-86 ಅರ್ಜಿಗಳೂ ಅದರಲ್ಲಿದ್ದವು, ದೂರದ ಊರುಗಳಲ್ಲಿರುವ ಅಪ್ಪ, ಅಮ್ಮಂದಿರ ಹೆಸರು, ವಿಳಾಸಗಳ ಸಮೇತ.