ವಂಶಾವಳಿ ಸಂಘದ ಒಂದು ವರ್ಷ

ಬ್ಯಾಂಕಿನಲ್ಲಿ ಠೇವಣಿಯಿಟ್ಟವರು ಕಾಲವಾದಾಗ ಅವರ ವಾರಸುದಾರರ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ಕೆಲವು ವರ್ಷ ನನ್ನ ಪಾಲಿಗಿತ್ತು. ಅರ್ಜಿದಾರರು ತಮ್ಮ ರಕ್ತಸಂಬಂಧಿಗಳ ಹೆಸರನ್ನೇ ಹೇಳಲು ತಡವರಿಸುವುದನ್ನು ಕಂಡು ಆಶ್ಚರ್ಯಪಡುತ್ತಿದ್ದೆ. ನನ್ನ ತಂದೆಯವರು ತೀರಿಕೊಂಡ ಮೇಲೆ ಊರಿನ ಜಮೀನಿನ ಸಲುವಾಗಿ ನಾನೇ ವಂಶವೃಕ್ಷವನ್ನು ಬರೆದುಕೊಡಬೇಕಾಗಿ ಬಂತು. ಆಗ ಆ ಆಶ್ಚರ್ಯ ಅಡಗಿತು. ಮುತ್ತಜ್ಜನಿಂದ ಮೊದಲ್ಗೊಂಡು ಬರೆಯುತ್ತ ಬಂದಾಗ ಅಜ್ಜನ ತಂಗಿಯ ಹೆಸರಿನ ಸ್ಥಳ ಖಾಲಿ ಉಳಿಯಿತು. ತಂದೆಯವರು ಅವರನ್ನು ‘ದೊಡ್ಡತ್ತೆ’ ಎನ್ನುತ್ತಿದ್ದರು. ನಾವೂ ಹಾಗೆಯೇ ಅನ್ನುತ್ತಿದ್ದೆವು. ಹೆಸರು ಬಲ್ಲವರು ಒಬ್ಬರೂ ಉಳಿದಿರಲಿಲ್ಲ.

ಇಂಥ ಖಾಲಿ ಸ್ಥಳಗಳನ್ನು ತುಂಬುವುದಕ್ಕಾಗಿಯೇ ಜನರು ಸಂಘ ಕಟ್ಟಿಕೊಂಡ ನಿದರ್ಶನಗಳು ಪಾಶ್ಚಾತ್ಯ ದೇಶಗಳಲ್ಲಿ ಹೇರಳವಾಗಿವೆ. ಅಮೆರಿಕದ ಬಾಸ್ಟನ್ ನಗರದಲ್ಲಿ 1845ರಲ್ಲಿಯೂ ಲಂಡನ್ನಿನಲ್ಲಿ 1911ರಲ್ಲಿಯೂ ವಂಶಾವಳಿ ಸಂಘಗಳು ಸ್ಥಾಪಿತವಾದುವು. ಹಿಂದೆ ಬಹುಮಟ್ಟಿಗೆ ಪ್ರಭುಮನೆತನಗಳ ವಿಷಯವಾಗಿದ್ದ ಈ ಅಧ್ಯಯನವನ್ನು ಕಾಲಾನುಕ್ರಮದಲ್ಲಿ ರೈತರ, ಕಮ್ಮಾರರ, ಗಿರಣಿ ಕೂಲಿಗಳ ವಂಶಜರೂ ಕೈಗೆತ್ತಿಕೊಂಡರು. ಇಂಗ್ಲೆಂಡಿನಲ್ಲಿ ಜಿಲ್ಲೆಜಿಲ್ಲೆಗೂ ಸಂಘಗಳು ಹುಟ್ಟಿ, 1974ರಲ್ಲಿ ಅವುಗಳ ಒಕ್ಕೂಟವೂ ಏರ್ಪಟ್ಟಿತು.

ಈ ಸ್ಥಳೀಯ ಸಂಘಗಳ ವಾರ್ಷಿಕ ಕಾರ್ಯಕ್ರಮ ಗಮನಿಸತಕ್ಕದ್ದಾಗಿದೆ. ಸಾಮಾನ್ಯವಾಗಿ ತಿಂಗಳಿಗೊಂದು ಸಂಜೆ ಸದಸ್ಯರು ಗ್ರಂಥಾಲಯದಲ್ಲೋ ಇಗರ್ಜಿಯ ಸಭಾಮಂದಿರದಲ್ಲೋ ಕೂಡುತ್ತಾರೆ. ಒಂದು ಉಪನ್ಯಾಸ, ಚಹಾ, ಬಳಿಕ ಪರಸ್ಪರ ಸಂದೇಹ ನಿವಾರಣೆ. ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ. ಬೇಸಗೆಯಲ್ಲಿ ದಫ್ತರಖಾನೆಗೋ ಹಳೆಯ ಸ್ಮಶಾನಕ್ಕೋ ಸಂದರ್ಶನ. 2020ರ ಮಹಾಮಾರಿಯ ಅನಂತರ ಹಲವು ಸಂಘಗಳು ದೂರದ ಸದಸ್ಯರಿಗಾಗಿ ಅಂತರ್ಜಾಲದ ಮೂಲಕವೂ ಉಪನ್ಯಾಸಗಳನ್ನು ನಡೆಸುತ್ತಿವೆ.

ಉಪನ್ಯಾಸದ ವಿಷಯ ಬಹುಶಃ ಒಂದೊಂದು ಬಗೆಯ ದಾಖಲೆಯಾಗಿರುತ್ತದೆ. ಆ ದಾಖಲೆ ಏತಕ್ಕೆ ಹುಟ್ಟಿತು, ಅದರಲ್ಲಿ ಏನುಂಟು, ಎಲ್ಲಿ ಅದನ್ನು ನಂಬಬಾರದು ಎಂಬುದೇ ಪಾಠ. 1538ರಿಂದ ಪ್ರತಿಯೊಂದು ಇಗರ್ಜಿಯೂ ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಬರೆದಿಡಬೇಕೆಂದು ಅಲ್ಲಿ ವಿಧಿಯಾಯಿತು. ಆದರೆ 1751ರ ವರೆಗೆ ಇಂಗ್ಲೆಂಡಿನಲ್ಲಿ ವರ್ಷಾರಂಭ ಮಾರ್ಚ್ 25ಕ್ಕೆ. ಆದುದರಿಂದ 1720ರ ಮೇ ತಿಂಗಳಲ್ಲಿ ಮದುವೆಯಾದವರ ಮಗುವಿಗೆ 1720ರ ಫೆಬ್ರವರಿಯಲ್ಲಿ ದೀಕ್ಷಾಸ್ನಾನವಾಯಿತೆಂದು ಬರೆದಿದ್ದರೆ ಆ ದಂಪತಿಗಳ ಶೀಲವನ್ನು ಶಂಕಿಸಬೇಕಾಗಿಲ್ಲ! ಜನನ ಮರಣಗಳ ಸರಕಾರಿ ನೋಂದಣಿ 1837ರ ಜುಲೈ 1ರಂದು ಮೊದಲಾಯಿತು. 1841ರ ಜನಗಣತಿಯಲ್ಲಿ ಹದಿನೈದು ಮೀರಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆಯಿತ್ತು. ಹಾಗಾಗಿ 39 ವಯಸ್ಸಿನವನು ಅಲ್ಲಿ 35ರವನಾಗುತ್ತಾನೆ. ಮನೆಯ ಯಜಮಾನನಿಗೆ ಯಾರು ಏನಾಗಬೇಕೆಂಬುದು 1851ರಿಂದ ಮಾತ್ರ ದಾಖಲಾಗಿದೆ. 1931ರ ಜನಗಣತಿಯ ಕಾಗದಗಳು 1942ರಲ್ಲಿ ಸುಟ್ಟುಹೋದುವು. ಯುದ್ಧದ ನಿಮಿತ್ತ 1941ರಲ್ಲಿ ಗಣತಿಯೇ ನಡೆಯಲಿಲ್ಲ. ಈ ಕಾರಣದಿಂದಲೇ 1921ರ ವಿವರಗಳು 2022ರಲ್ಲಿ ಬಹಿರಂಗವಾದಾಗ ಅವಕ್ಕೆ ಅಷ್ಟು ಬೆಲೆ ಬಂತು.

ಈ ಪಾಠಗಳ ಹಿಂದಿರುವ ನಿಯಮ ಒಂದೇ: ತನ್ನಿಂದ ಆರಂಭಿಸು, ತಿಳಿದುದರಿಂದ ತಿಳಿಯದುದರ ಕಡೆಗೆ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗು, ಆಧಾರವಿಲ್ಲದೆ ಯಾರನ್ನೂ ಸೇರಿಸಬೇಡ. ಲೆಕ್ಕ ಬಲ್ಲವರಿಗೆ ಇದು ಹೊಸತಲ್ಲ. ಚೀಟಿಯಿಲ್ಲದೆ ಖಾತೆಗೆ ಜಮೆಯಿಲ್ಲ. ಇದಕ್ಕೆ ವಿರುದ್ಧವಾದ ಮಾರ್ಗ ಖ್ಯಾತ ಪುರುಷನೊಬ್ಬನಿಂದ ಹೊರಟು ತನ್ನ ವರೆಗೆ ಇಳಿಯುವುದು. ಕಲ್ಯಾಣದ ಚಾಲುಕ್ಯರ ಶಾಸನಗಳು ಅವರ ಪೂರ್ವಿಕರಲ್ಲಿ ಐವತ್ತೊಂಬತ್ತು ಮಂದಿ ಅಯೋಧ್ಯೆಯಲ್ಲಿ ಆಳಿದರೆಂದು ಹೇಳುತ್ತವೆ. ಅರಸನಿಗೆ ಅದು ಭೂಷಣ, ಇತಿಹಾಸಕ್ಕೆ ಪ್ರಮಾಣವಲ್ಲ.

ಹಾಗೆಂದು ನಮ್ಮಲ್ಲಿ ವಂಶಾವಳಿಯ ರಕ್ಷಣೆ ಇರಲಿಲ್ಲವೆಂದಲ್ಲ. ಉತ್ತರ ಕರ್ನಾಟಕದ ಹೆಳವರು ಎತ್ತನ್ನೇರಿ ಒಕ್ಕಲ ಮನೆಗಳಿಗೆ ಬಂದು, ಆಯಾ ಮನೆತನದ ಮೂಲಪುರುಷನಿಂದ ತಲೆಮಾರುಗಳನ್ನು ಒಪ್ಪಿಸಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ದವಸವನ್ನೋ ಹಣವನ್ನೋ ಪಡೆದು ಮುಂದೆ ಹೋಗುತ್ತಾರೆ. ಇದೂ ಒಂದು ಕಾರ್ಯಕ್ರಮವೇ. ಆದರೆ ಹೆಳವರ ಪಾಠದಲ್ಲಿ ಪ್ರಧಾನವಾದುದು ಗಂಡುಮಕ್ಕಳ ಸಂತತಿ. ಮೇಲಾಗಿ, ನಮ್ಮ ಮನೆಗೆ ಬರುತ್ತಿದ್ದ ಹೆಳವರ ಎತ್ತು ನಾವು ವಾಸವಾಗಿರುವ ಮುಂಬಯಿಯ ಮೂರನೆಯ ಮಹಡಿಗೆ ಏರಿ ಬರಲಾರದು.

ನಮ್ಮ ಸಂಘದಲ್ಲಿಯೂ ಇಂಥದೊಂದು ಉಪನ್ಯಾಸಮಾಲೆ ನಡೆಯಬೇಕಾದರೆ ಇಂಗ್ಲೆಂಡಿನ ಪಟ್ಟಿಯನ್ನು ನಕಲು ಮಾಡಿ ಪ್ರಯೋಜನವಿಲ್ಲ. ನಮ್ಮ 1948ರ ಜನಗಣತಿ ಕಾಯಿದೆಯ ಮೇರೆಗೆ ವ್ಯಕ್ತಿಗಳ ವಿವರಗಳು ಗೋಪ್ಯ. ನಮಗೆ ದೊರೆಯುವುವು ಬೇರೆ: ಜಮೀನಿನ ಹಕ್ಕುಬದಲಾವಣೆಯ ಪುಸ್ತಕ, ಶಾಲೆಯ ದಾಖಲಾತಿ, ಮದುವೆಯ ಲಗ್ನಪತ್ರಿಕೆ, ಹಳೆಯ ಕಾಗದಪತ್ರಗಳ ಗಂಟು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಸೀಮೆಗಳು 1956ರ ವರೆಗೆ ಮುಂಬಯಿ ಆಡಳಿತದಲ್ಲಿದ್ದುವಾದ್ದರಿಂದ, ಆ ಸೀಮೆಗಳಿಂದ ಬಂದವರು ಇಲ್ಲಿಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಸರಕಾರಿ ದಫ್ತರಖಾನೆಯನ್ನು ಮೊದಲು ನೋಡುವುದು ಒಳ್ಳೆಯದು. ಹೆಸರುಗಳ ವಿಷಯಕ್ಕೇ ಒಂದು ಸಭೆ ಬೇಕಾದೀತು. ಮೈಸೂರು ಕಡೆಯವರ ಹೆಸರಿನ ಮುಂದೆ ಊರಿನ ಮತ್ತು ತಂದೆಯ ಮೊದಲಕ್ಷರಗಳಿರುತ್ತವೆ. ಮುಂಬಯಿಯ ಕಚೇರಿಗಳಲ್ಲಿ ಅದೇ ಊರು ಅಡ್ಡಹೆಸರಾಗಿ ಹೆಸರಿನ ಕೊನೆಗೆ ಹೋಗಿ ಕೂರುತ್ತದೆ. ತುಳುನಾಡಿನಿಂದ ಬಂದ ಅಳಿಯಸಂತಾನದ ಮನೆಗಳಲ್ಲಿ ವಂಶ ತಾಯಿಯ ಕಡೆಯಿಂದ ಇಳಿಯುತ್ತದೆ. ತಂದೆಯಿಂದ ಮಗನಿಗೆ ಗೆರೆಯೆಳೆಯುವ ನಕ್ಷೆಯನ್ನೇ ಅವರಿಗೂ ಕೊಟ್ಟರೆ ಮನೆತನವೇ ಮರೆಯಾದೀತು.

ಎಲ್ಲಕ್ಕಿಂತ ಮೊದಲು ನಡೆಯಬೇಕಾದದ್ದು ಮಾತ್ರ ಉಪನ್ಯಾಸವಲ್ಲ. ದಫ್ತರಖಾನೆಯ ಕಾಗದ ಮುಂದಿನ ವರ್ಷಕ್ಕೂ ಇದ್ದೀತು. ಎಂಬತ್ತೈದು ದಾಟಿದ ಹಿರಿಯರ ನೆನಪು ಅಷ್ಟು ಕಾಲ ಕಾಯುವುದಿಲ್ಲ. ಆದಕಾರಣ ವರ್ಷದ ಮೊದಲ ಸಭೆಗೆ ಸದಸ್ಯರು ತಮ್ಮ ಮನೆಯ ಹಿರಿಯರನ್ನು, ಅದರಲ್ಲಿಯೂ ಅಜ್ಜಿಯರನ್ನು, ಕರೆತರಬೇಕು. ಅವರ ಮಾತನ್ನು ದಿನಾಂಕದೊಡನೆ, ಹೇಳಿದವರ ಹೆಸರಿನೊಡನೆ ಬರೆದುಕೊಳ್ಳಬೇಕು. ಅವರು ಹೇಳಿದ್ದೆಲ್ಲ ನಿಜವಾಗಿರಬೇಕೆಂದಿಲ್ಲ. ಪರೀಕ್ಷಿಸಲು ಮುಂದೆ ಹನ್ನೊಂದು ತಿಂಗಳ ಸಭೆಗಳುಂಟು. ಕೇಳದೆ ಬಿಟ್ಟದ್ದನ್ನು ಮಾತ್ರ ಯಾವ ಸಭೆಯೂ ಪರೀಕ್ಷಿಸಲಾರದು.

ನಮ್ಮ ಮನೆಯ ವಂಶವೃಕ್ಷದಲ್ಲಿ ದೊಡ್ಡತ್ತೆಯ ಸ್ಥಳ ಇಂದಿಗೂ ಖಾಲಿ ಇದೆ. ಯಾವುದಾದರೊಂದು ಹೆಸರು ಬರೆದುಬಿಡಿ ಎಂದು ಆಗ ಸಲಹೆ ಕೊಟ್ಟವರಿದ್ದರು. ನಾನು ಒಪ್ಪಲಿಲ್ಲ. ಹೀಗೆ ಖಾಲಿ ಉಳಿಯಬಹುದಾದ ಸ್ಥಳಗಳು ಇತರ ಸದಸ್ಯರ ಮನೆಗಳಲ್ಲಿ ಎಷ್ಟಿವೆಯೆಂದು ಈ ವರ್ಷವೇ ವಿಚಾರಿಸಿ ನೋಡಬೇಕೆಂದು ನನ್ನ ವಿನಂತಿ.