ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ನಗೆ ಅನಿಲ

ಬೆಂಗಳೂರಿನಿಂದ ಚೆನ್ನೈಗೆ ವರ್ಗವಾಗಿ ಬಂದವರು ಮಗುವಿನ ಹುಳುಕು ಹಲ್ಲು ತೋರಿಸಲು ಹೋದರೆ, ಇಲ್ಲಿನ ಮಕ್ಕಳ ದಂತವೈದ್ಯರು ‘ಲಾಫಿಂಗ್ ಗ್ಯಾಸ್ ಕೊಟ್ಟು ಮಾಡೋಣವೇ?’ ಎಂದು ಕೇಳುವುದುಂಟು. ತಕ್ಷಣ ಅಪ್ಪ-ಅಮ್ಮನ ಕಣ್ಣಮುಂದೆ ಬರುವುದು ಆಪರೇಷನ್ ಥಿಯೇಟರು, ಪ್ರಜ್ಞೆ ತಪ್ಪಿದ ಮಗು. ಇದು ಅದಲ್ಲ. ಮಗು ಎಚ್ಚರವಾಗಿಯೇ ಇರುತ್ತದೆ, ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ನಗುವುದೂ ಅಪರೂಪವೇ.

ಅನಿಲದ ಹೆಸರು ನೈಟ್ರಸ್ ಆಕ್ಸೈಡ್. ಹಲ್ಲಿನ ಚಿಕಿತ್ಸೆಗೂ ಇದಕ್ಕೂ ಹಳೆಯ ನಂಟು. 1844ರ ಡಿಸೆಂಬರಿನಲ್ಲಿ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ ಒಂದು ಮನರಂಜನೆಯ ಪ್ರದರ್ಶನಕ್ಕೆ ಹೋಗಿದ್ದ. ಅಲ್ಲಿ ಈ ಅನಿಲ ಸೇದಿದವನೊಬ್ಬನಿಗೆ ಕಾಲಿಗೆ ಗಾಯವಾದರೂ ನೋವಿನ ಪರಿವೆಯೇ ಇರಲಿಲ್ಲ. ವೆಲ್ಸ್ ಮರುದಿನವೇ ಅದನ್ನು ಸೇದಿ ತನ್ನದೇ ಹಲ್ಲು ಕೀಳಿಸಿಕೊಂಡ. ಆಗ ಚೀಲದಲ್ಲಿ ತುಂಬಿ ಸೇದುತ್ತಿದ್ದರು. ಈಗ ಆಮ್ಲಜನಕ ಬೆರೆಸದೆ ಕೊಡುವಂತಿಲ್ಲ. ಆಮ್ಲಜನಕ ಶೇ. 30ಕ್ಕಿಂತ ಕೆಳಗಿಳಿಯಲು ಯಂತ್ರವೇ ಬಿಡುವುದಿಲ್ಲ. ಅದರ ಪೂರೈಕೆ ನಿಂತರೆ ನೈಟ್ರಸ್ ಕೂಡ ತಾನಾಗಿ ನಿಲ್ಲುತ್ತದೆ.

ಮೂಗಿನ ಮೇಲೆ ಮಾತ್ರ ಕೂರುವ ಪುಟ್ಟ ಮಾಸ್ಕ್ ಹಾಕುತ್ತಾರೆ. ಬಾಯಿ ಕೆಲಸಕ್ಕೆ ಖಾಲಿ ಇರಬೇಕಲ್ಲ. ಮೊದಲು ಒಂದೆರಡು ನಿಮಿಷ ಬರೀ ಆಮ್ಲಜನಕ. ಆಮೇಲೆ ನೈಟ್ರಸ್ ಅನ್ನು ಶೇ. 10ರಂತೆ ಮೆಲ್ಲಗೆ ಏರಿಸುತ್ತಾರೆ. ಹೆಚ್ಚಿನ ಮಕ್ಕಳಿಗೆ 30ರಿಂದ 50ರೊಳಗೆ ಸಾಕಾಗುತ್ತದೆ. ಬೆರಳ ತುದಿ ಜುಮ್ಮೆನ್ನುತ್ತದೆ, ಕುರ್ಚಿಯ ಕೈ ಬಿಗಿಹಿಡಿದ ಮುಷ್ಟಿ ಸಡಿಲಾಗುತ್ತದೆ, ಭುಜ ಇಳಿಯುತ್ತದೆ. ಡಾಕ್ಟರು ಯಂತ್ರದ ಮೀಟರಿಗೆ ಕೊಡುವಷ್ಟೇ ಗಮನವನ್ನು ಆ ಮುಷ್ಟಿಗೂ ಕೊಡುತ್ತಾರೆ. ಹಲ್ಲು ಕೀಳುವುದಾದರೆ ಒಸಡಿಗೆ ಮರಗಟ್ಟುವ ಇಂಜೆಕ್ಷನ್ ಬೇಕೇ ಬೇಕು. ಅನಿಲ ಅದರ ಭಯವನ್ನು ತಗ್ಗಿಸುತ್ತದೆ, ಅಷ್ಟೆ.

ಈ ಅನಿಲ ರಕ್ತದಲ್ಲಿ ಹೆಚ್ಚು ಕರಗುವುದಿಲ್ಲ. ಆದ್ದರಿಂದ ಬೇಗ ಏರಿ ಬೇಗ ಇಳಿಯುತ್ತದೆ, ಉಸಿರಿನೊಂದಿಗೇ ಹೊರಹೋಗುತ್ತದೆ. ಕೊನೆಗೆ ಐದು ನಿಮಿಷ ಶುದ್ಧ ಆಮ್ಲಜನಕ ಕೊಟ್ಟು ಮಗುವನ್ನು ಕುರ್ಚಿಯಿಂದ ಇಳಿಸುತ್ತಾರೆ.

ಆದರೆ ನನ್ನ ಪ್ರಕಾರ ಅರ್ಧ ಕೆಲಸ ಮಾಡುವುದು ಅನಿಲವಲ್ಲ, ಮಾತು. ‘ಈಗ ವಿಮಾನ ಮೇಲೇರುತ್ತೆ, ಮೂಗಲ್ಲೇ ಉಸಿರು ತಗೋ ಪುಟ್ಟಾ’ ಎಂಬ ದನಿ ನಿಲ್ಲದೆ ಕೇಳುತ್ತಿರಬೇಕು. ತಮಿಳು ಬಾರದ ನಾಲ್ಕೈದು ವರ್ಷದ ಮಗುವಿಗೆ ಡಾಕ್ಟರ ತಮಿಳು ಎಷ್ಟೇ ಮುದ್ದಾಗಿದ್ದರೂ ಬರೀ ಸದ್ದು. ಅಮ್ಮನೋ ಅಪ್ಪನೋ ಪಕ್ಕದಲ್ಲಿ ನಿಂತು ಅದೇ ಮಾತನ್ನು ಕನ್ನಡದಲ್ಲಿ ಹೇಳಲು ಅವಕಾಶವಿದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಅಮ್ಮ ಗರ್ಭಿಣಿಯಾಗಿದ್ದರೆ ಮಾತ್ರ ಕೋಣೆಯ ಹೊರಗಿರಲಿ, ಅಪ್ಪ ಒಳಗಿರಲಿ. ಮಾಸ್ಕ್ ಕಂಡರೇ ಕಿರುಚಿ ಕಿತ್ತೆಸೆಯುವ ಮಗುವಿಗೆ ಈ ವಿಧಾನ ಒಗ್ಗುವುದಿಲ್ಲ. ಬಲವಂತ ಮಾಡಿ ಪ್ರಯೋಜನವಿಲ್ಲ.

ಮೂಗು ಕಟ್ಟಿದ್ದರೂ ಅಷ್ಟೇ. ಚೆನ್ನೈನ ನವೆಂಬರ್ ಮಳೆಯಲ್ಲಿ ಸುರಿಯುವ ಮೂಗಿನೊಂದಿಗೆ ಹೋದರೆ ಅನಿಲ ಒಳಗೇ ಹೋಗುವುದಿಲ್ಲ. ಶೀತ ಇಳಿದ ಮೇಲೆ ಹೋಗಿ. ಅಡಿನಾಯ್ಡ್ ಊತ, ಕಿವಿಯ ಸೋಂಕು, ಇತ್ತೀಚಿನ ಕಿವಿ ಅಥವಾ ಕಣ್ಣಿನ ಆಪರೇಷನ್ ಇದ್ದರೆ ಮುಚ್ಚಿಡದೆ ಹೇಳಿ. ಬಿ12 ಕೊರತೆಯನ್ನೂ ಹೇಳಬೇಕು, ಏಕೆಂದರೆ ನೈಟ್ರಸ್ ಆ ಜೀವಸತ್ವವನ್ನು ನಿಷ್ಕ್ರಿಯಗೊಳಿಸುತ್ತದೆ. ಆರೋಗ್ಯವಂತ ಮಗುವಿಗೆ ಒಂದು ಸಲದ ಚಿಕಿತ್ಸೆಯಿಂದ ಚಿಂತೆಯಿಲ್ಲ. ಹೆಚ್ಚಾಗಿ ಕಾಣುವ ತೊಂದರೆಯೆಂದರೆ ವಾಂತಿ. ಹೊಟ್ಟೆ ಬಿರಿಯುವ ಊಟ ಬೇಡ. ಎಷ್ಟು ಹೊತ್ತು ಮುಂಚೆ ಏನು ತಿನ್ನಿಸಬಹುದೆಂದು ಡಾಕ್ಟರನ್ನೇ ಕೇಳಿ.

ಮನೆಗೆ ಹೊರಡುವಾಗ ಅನಿಲದ ಅಮಲು ಇಳಿದಿರುತ್ತದೆ, ಇಂಜೆಕ್ಷನ್ನಿನ ಮರಗಟ್ಟುವಿಕೆ ಇಳಿದಿರುವುದಿಲ್ಲ. ಎರಡು ಮೂರು ಗಂಟೆ ತುಟಿಗೆ ಸ್ಪರ್ಶವೇ ತಿಳಿಯದು. ಮಗು ಅದನ್ನು ಆಟಕ್ಕೆಂದು ಕಚ್ಚಿ ಗಾಯ ಮಾಡಿಕೊಳ್ಳಬಹುದು. ಅಲ್ಲಿಯವರೆಗೆ ಚಪಾತಿ, ಚಕ್ಕುಲಿ ಏನೂ ಕೊಡದೆ ಕಣ್ಣಿಟ್ಟಿರಿ.