ಹಸಿರು ಗೆರೆಯ ಎರಡು ಬದಿ: ಸೈಪ್ರಸ್ ಸಂಧಾನದ ಕಥೆ

ಬಾಗಲಕೋಟೆಯ ನವನಗರದಲ್ಲಿ ಹಿರಿಯರೊಬ್ಬರನ್ನು "ನಿಮ್ಮ ಮನೆ ಎಲ್ಲಿ?" ಎಂದು ಕೇಳಿ ನೋಡಿ. ಸೆಕ್ಟರ್ ಸಂಖ್ಯೆ ಹೇಳಿದ ಮೇಲೂ ಕೆಲವರು ಒಂದು ಮಾತು ಸೇರಿಸುತ್ತಾರೆ: "ಖರೇ ಮನಿ ಹಿನ್ನೀರಿನ್ಯಾಗ ಹೋತು." ಆಲಮಟ್ಟಿ ಜಲಾಶಯಕ್ಕಾಗಿ ಮನೆ, ಹೊಲ ಬಿಟ್ಟವರಿಗೆ ಪರಿಹಾರವೆಷ್ಟು, ಬದಲಿ ಜಾಗವೆಲ್ಲಿ ಎಂಬ ಚರ್ಚೆ ಈ ಜಿಲ್ಲೆಯ ವಿದ್ಯಾರ್ಥಿಗಳಿಗೆ ಹೊಸದಲ್ಲ. ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪದಲ್ಲಿ ಅರ್ಧ ಶತಮಾನದಿಂದ ನಡೆದಿರುವ ಶಾಂತಿ ಸಂಧಾನಕ್ಕೂ ಇಂಥದೇ ಪ್ರಶ್ನೆ ಅಡ್ಡ ನಿಂತಿದೆ. ಒಂದು ವ್ಯತ್ಯಾಸವಿದೆ: ಅಲ್ಲಿ ಮನೆಗಳು ಮುಳುಗಿಲ್ಲ. ಎಷ್ಟೋ ಮನೆಗಳು ನಿಂತೇ ಇವೆ. ಅವುಗಳಲ್ಲಿ ಬೇರೆಯವರು ವಾಸವಾಗಿದ್ದಾರೆ.

ಪರದೆಯ ಮೇಲೆ ನಕಾಶೆಯನ್ನು ಕೆಲವೇ ಕ್ಷಣ ತೋರಿಸಬಹುದು. ಆದ್ದರಿಂದ ಮಾತುಕತೆಯ ಹಿನ್ನೆಲೆಯನ್ನು ಇಲ್ಲಿ ವಿವರವಾಗಿ ನೋಡೋಣ.

ಸೈಪ್ರಸ್‌ನ ವಿಸ್ತೀರ್ಣ 9,251 ಚದರ ಕಿಲೋಮೀಟರ್. ಅಂದರೆ ಬಾಗಲಕೋಟೆ ಜಿಲ್ಲೆಯ ಒಂದೂವರೆ ಪಟ್ಟಿಗಿಂತ ಸ್ವಲ್ಪ ಕಡಿಮೆ. 1960ರಲ್ಲಿ ಬ್ರಿಟಿಷರಿಂದ ಸ್ವಾತಂತ್ರ್ಯ ಪಡೆದಾಗ ಅಲ್ಲಿನ ಜನರಲ್ಲಿ ನೂರಕ್ಕೆ ಸುಮಾರು 77 ಮಂದಿ ಗ್ರೀಕ್ ಭಾಷಿಕರು, 18 ಮಂದಿ ತುರ್ಕಿ ಭಾಷಿಕರು. ಅಧ್ಯಕ್ಷರು ಗ್ರೀಕ್ ಸಮುದಾಯದವರು, ಉಪಾಧ್ಯಕ್ಷರು ತುರ್ಕಿ ಸಮುದಾಯದವರು, ಇಬ್ಬರಿಗೂ ಕೆಲವು ವಿಷಯಗಳಲ್ಲಿ ತಡೆಯಾಜ್ಞೆಯ ಅಧಿಕಾರ ಎಂದು ಸಂವಿಧಾನ ಹೇಳಿತು. ಶಾಸನಸಭೆಯ ಸ್ಥಾನಗಳನ್ನು 70ಕ್ಕೆ 30ರಂತೆ ಹಂಚಲಾಯಿತು. ಇದು ತಮ್ಮ ಸಂಖ್ಯೆಗೆ ತಕ್ಕದ್ದಲ್ಲವೆಂದು ಬಹುಸಂಖ್ಯಾತರು ದೂರಿದರು. ಇಷ್ಟೂ ಇಲ್ಲದಿದ್ದರೆ ತಮಗೆ ರಕ್ಷಣೆಯೇ ಇಲ್ಲವೆಂದು ಅಲ್ಪಸಂಖ್ಯಾತರು ವಾದಿಸಿದರು. 1963ರಲ್ಲಿ ಅಧ್ಯಕ್ಷ ಮಕಾರಿಯೋಸ್ ಸಂವಿಧಾನಕ್ಕೆ 13 ತಿದ್ದುಪಡಿಗಳನ್ನು ಸೂಚಿಸಿದರು. ಆ ಡಿಸೆಂಬರಿನಲ್ಲಿ ರಕ್ತಪಾತ ಆರಂಭವಾಯಿತು. ರಾಜಧಾನಿ ನಿಕೋಸಿಯಾದಲ್ಲಿ ಎರಡು ಬಣಗಳನ್ನು ಬೇರ್ಪಡಿಸಲು ಬ್ರಿಟಿಷ್ ಸೇನಾಧಿಕಾರಿಯೊಬ್ಬರು ನಕಾಶೆಯ ಮೇಲೆ ಹಸಿರು ಪೆನ್ಸಿಲಿನಿಂದ ಗೆರೆ ಎಳೆದರು. ಅದಕ್ಕೆ 'ಹಸಿರು ಗೆರೆ' ಎಂಬ ಹೆಸರು ಇಂದಿಗೂ ಉಳಿದಿದೆ.

ಈ ಕಥೆಯಲ್ಲಿ ಕನ್ನಡ ನಾಡಿನವರೂ ಒಬ್ಬರಿದ್ದಾರೆ. 1964ರ ಮಾರ್ಚಿನಲ್ಲಿ ಭದ್ರತಾ ಮಂಡಳಿಯ ನಿರ್ಣಯದಂತೆ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ದ್ವೀಪಕ್ಕೆ ಬಂತು. ಆ ಜುಲೈನಿಂದ ಅದರ ದಂಡನಾಯಕರಾಗಿದ್ದವರು ಮಡಿಕೇರಿಯಲ್ಲಿ ಹುಟ್ಟಿದ, ನಮ್ಮ ಭೂಸೇನೆಯ ಮುಖ್ಯಸ್ಥರಾಗಿ ನಿವೃತ್ತರಾದ ಜನರಲ್ ಕೆ. ಎಸ್. ತಿಮ್ಮಯ್ಯ. 1965ರ ಡಿಸೆಂಬರ್ 18ರಂದು ಸೈಪ್ರಸ್‌ನಲ್ಲಿಯೇ, ಕರ್ತವ್ಯದಲ್ಲಿರುವಾಗಲೇ, ಅವರು ತೀರಿಕೊಂಡರು. ಮರುವರ್ಷ ಆ ದೇಶ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು.

ತಿಮ್ಮಯ್ಯನವರ ಕೆಲಸ ಶಾಂತಿ ಪಾಲನೆ. ಗುಂಡು ಹಾರದಂತೆ ನೋಡಿಕೊಂಡು ಮಾತುಕತೆಗೆ ಸಮಯ ಒದಗಿಸುವುದು ಅದರ ಉದ್ದೇಶ. ಜಗಳದ ಮೂಲವನ್ನು ಬಗೆಹರಿಸುವುದು ರಾಜಕಾರಣಿಗಳ ಹೊಣೆ. ಆ ಹೊಣೆ ಈಡೇರಲಿಲ್ಲ. 1974ರ ಜುಲೈ 15ರಂದು ಗ್ರೀಸಿನ ಸೈನಿಕ ಸರ್ಕಾರದ ಬೆಂಬಲದಿಂದ ಕ್ಷಿಪ್ರಕ್ರಾಂತಿ ನಡೆಯಿತು; ಐದೇ ದಿನದಲ್ಲಿ ತುರ್ಕಿಯ ಸೇನೆ ದ್ವೀಪಕ್ಕೆ ಇಳಿಯಿತು. ಉತ್ತರದ ಮೂರನೆಯ ಒಂದಕ್ಕೂ ಹೆಚ್ಚು ಭಾಗ ತುರ್ಕಿಯ ವಶವಾಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರೀಕ್ ಸೈಪ್ರಿಯಟರು ದಕ್ಷಿಣಕ್ಕೆ, ನಲವತ್ತು ಸಾವಿರಕ್ಕೂ ಹೆಚ್ಚು ತುರ್ಕಿ ಸೈಪ್ರಿಯಟರು ಉತ್ತರಕ್ಕೆ ನೆಲೆ ಬದಲಿಸಿದರು. ನಡುವೆ ಸುಮಾರು 180 ಕಿಲೋಮೀಟರ್ ಉದ್ದದ ತಟಸ್ಥ ವಲಯ ಉಳಿಯಿತು. 2003ರ ಏಪ್ರಿಲ್‌ವರೆಗೆ ಸಾಮಾನ್ಯ ಜನರಿಗೆ ಅದನ್ನು ದಾಟುವ ದಾರಿಯೇ ಇರಲಿಲ್ಲವೆನ್ನಬಹುದು. ಬಾದಾಮಿಯವರು ಹುನಗುಂದದ ನೆಂಟರ ಮುಖವನ್ನು 29 ವರ್ಷ ನೋಡದೆ ಇದ್ದಂತೆ!

ಸಂಧಾನದ ಚೌಕಟ್ಟು 1977ರಷ್ಟು ಹಿಂದೆಯೇ ಸಿದ್ಧವಾಯಿತು. ಎರಡು ಸಮುದಾಯಗಳ ನಾಯಕರಾದ ಮಕಾರಿಯೋಸ್ ಮತ್ತು ಡೆಂಕ್ಟಾಶ್ ಒಕ್ಕೂಟ ವ್ಯವಸ್ಥೆಗೆ ಒಪ್ಪಿದರು. ಇಳಕಲ್ ಸೀರೆಯನ್ನು ನೆನೆಯಿರಿ. ಅದರಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಕುಣಿಕೆ ಹಾಕಿ ಎರಡನ್ನೂ ಜೋಡಿಸುತ್ತಾರೆ. ಒಕ್ಕೂಟವೂ ಹಾಗೆಯೇ. ಕಷ್ಟವಿರುವುದು ಕುಣಿಕೆಗಳಲ್ಲಿ. ಅವು ಮುಖ್ಯವಾಗಿ ನಾಲ್ಕು:

ಅಧಿಕಾರ: ಸಂಖ್ಯೆಯಲ್ಲಿ ಕಡಿಮೆ ಇರುವವರಿಗೆ ಸಮಾನ ಪಾಲು ಹೇಗೆ?
ಭೂಭಾಗ: ಗೆರೆ ಎಲ್ಲಿ ಹಾಯಬೇಕು?
ಭದ್ರತೆ: ತುರ್ಕಿಯ ಸೈನಿಕರು ಇರಬೇಕೇ, ಹೋಗಬೇಕೇ?
ಆಸ್ತಿ: ಬಿಟ್ಟುಬಂದ ಮನೆಯನ್ನು ಹಿಂದಿರುಗಿಸಬೇಕೇ, ಬದಲಿ ಆಸ್ತಿ ಕೊಡಬೇಕೇ, ಹಣ ಕೊಡಬೇಕೇ? ಅಲ್ಲಿಯೇ ಹುಟ್ಟಿ ಬೆಳೆದ ಈಗಿನ ನಿವಾಸಿಯ ಗತಿಯೇನು?

1983ರಲ್ಲಿ ಉತ್ತರ ಭಾಗ ತಾನು ಸ್ವತಂತ್ರವೆಂದು ಘೋಷಿಸಿಕೊಂಡಿತು. ಭದ್ರತಾ ಮಂಡಳಿ ಆ ಘೋಷಣೆ ಅಸಿಂಧುವೆಂದಿತು. ತುರ್ಕಿಯೊಂದೇ ಅದನ್ನು ಮಾನ್ಯ ಮಾಡಿದೆ. ಒಪ್ಪಂದಕ್ಕೆ ಅತಿ ಸಮೀಪ ಬಂದದ್ದು 2004ರಲ್ಲಿ. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನ್ ಅವರ ಯೋಜನೆಯನ್ನು ಏಪ್ರಿಲ್ 24ರಂದು ಎರಡೂ ಕಡೆ ಜನಮತಕ್ಕೆ ಹಾಕಲಾಯಿತು. ತುರ್ಕಿ ಸೈಪ್ರಿಯಟರಲ್ಲಿ ಶೇಕಡಾ 65 ಮಂದಿ ಒಪ್ಪಿದರು. ಗ್ರೀಕ್ ಸೈಪ್ರಿಯಟರಲ್ಲಿ ಶೇಕಡಾ 76 ಮಂದಿ ತಿರಸ್ಕರಿಸಿದರು. ಭದ್ರತೆ ಮತ್ತು ಆಸ್ತಿಯ ಬಗ್ಗೆ ಅವರಿಗೆ ಸಮಾಧಾನವಿರಲಿಲ್ಲ. ಜೊತೆಗೆ, ಮತ ಹೇಗೆ ಬಿದ್ದರೂ ಒಂದು ವಾರದಲ್ಲಿ ಸೈಪ್ರಸ್ ಯುರೋಪಿಯನ್ ಒಕ್ಕೂಟಕ್ಕೆ ಸೇರುವುದು ಖಚಿತವಾಗಿತ್ತು. ರಾಜಿಯಿಂದ ಸಿಗಬೇಕಾದ ಲಾಭ ಮೊದಲೇ ಕೈಸೇರಿದರೆ ರಾಜಿಯ ಅವಸರ ಉಳಿಯುವುದಿಲ್ಲ. 2017ರಲ್ಲಿ ಸ್ವಿಟ್ಜರ್ಲೆಂಡಿನ ಕ್ರಾನ್ಸ್ ಮೊಂಟಾನಾದಲ್ಲಿ ನಡೆದ ಸಮ್ಮೇಳನವೂ ಒಪ್ಪಂದವಿಲ್ಲದೆ ಮುಗಿಯಿತು.

ಹಾಗಾದರೆ ಇಷ್ಟು ವರ್ಷಗಳ ಮಾತೆಲ್ಲ ವ್ಯರ್ಥವೇ? ಎರಡು ಉದಾಹರಣೆ ನೋಡಿ. ಮೊದಲನೆಯದು ಚರಂಡಿ. ನಿಕೋಸಿಯಾದ ಕೊಳಚೆ ನೀರು ಇಳಿಜಾರನ್ನು ನೋಡಿ ಹರಿಯುತ್ತದೆ, ಗಡಿಯನ್ನು ನೋಡಿ ಅಲ್ಲ. 1978ರಲ್ಲಿ ಎರಡೂ ಕಡೆಯ ನಗರಾಧ್ಯಕ್ಷರಾದ ಲೆಲ್ಲೋಸ್ ದೆಮೆತ್ರಿಯಾದೆಸ್ ಮತ್ತು ಮುಸ್ತಫಾ ಅಕಿಂಜಿ ಒಂದೇ ಒಳಚರಂಡಿ ವ್ಯವಸ್ಥೆಗೆ ಒಪ್ಪಿದರು. ಇದೇ ಅಕಿಂಜಿ 2017ರ ಸಮ್ಮೇಳನದಲ್ಲಿ ತಮ್ಮ ಸಮುದಾಯದ ಮುಖ್ಯ ಸಂಧಾನಕಾರರಾಗಿದ್ದರು.

ಎರಡನೆಯದು ಕಾಣೆಯಾದವರ ಶೋಧ. 1963-64ರಲ್ಲಿ ಮತ್ತು 1974ರಲ್ಲಿ 1,510 ಗ್ರೀಕ್ ಹಾಗೂ 492 ತುರ್ಕಿ ಸೈಪ್ರಿಯಟರು ಕಾಣೆಯಾದರು. ಇವರಿಗಾಗಿ 1981ರಲ್ಲಿ ಸಮಿತಿಯೊಂದು ರಚನೆಯಾಯಿತು. ಎರಡೂ ಸಮುದಾಯಗಳ ತರುಣ ವಿಜ್ಞಾನಿಗಳು ಜೊತೆಯಾಗಿ ನೆಲ ಅಗೆಯುತ್ತಾರೆ. ಸಿಕ್ಕ ಎಲುಬಿನ ಡಿಎನ್‌ಎಯನ್ನು ಬಂಧುಗಳ ಡಿಎನ್‌ಎಯೊಂದಿಗೆ ಹೋಲಿಸುತ್ತಾರೆ. ಹೀಗೆ ಸಾವಿರಕ್ಕೂ ಹೆಚ್ಚು ಮಂದಿಯ ಗುರುತು ಹಚ್ಚಿ ಅವಶೇಷಗಳನ್ನು ಮನೆಯವರಿಗೆ ಒಪ್ಪಿಸಿದ್ದಾರೆ. ಯಾರು ಕೊಂದರು ಎಂಬ ವಿಚಾರಣೆಗೆ ಈ ಸಮಿತಿ ಕೈಹಾಕುವುದಿಲ್ಲ. ಆ ಮಿತಿಯನ್ನು ಒಪ್ಪಿಕೊಂಡದ್ದರಿಂದಲೇ ಕೆಲಸ ಸಾಧ್ಯವಾಯಿತು. ಅದು ನ್ಯಾಯವೇ ಎಂಬ ಪ್ರಶ್ನೆ ಮಾತ್ರ ಹಲವು ಮನೆಗಳಲ್ಲಿ ಉಳಿದಿದೆ.

2025ರ ಅಕ್ಟೋಬರಿನಲ್ಲಿ ತುರ್ಕಿ ಸೈಪ್ರಿಯಟರು ಒಕ್ಕೂಟದ ಪರವಾಗಿರುವ ತುಫಾನ್ ಎರ್ಹುರ್ಮಾನ್ ಅವರನ್ನು ನಾಯಕರನ್ನಾಗಿ ಆರಿಸಿದರು. ಮಾತುಕತೆಯ ಬಾಗಿಲು ಮುಚ್ಚಿಲ್ಲ. ಒಪ್ಪಂದಕ್ಕೆ ನಾಯಕರು ಸಹಿ ಹಾಕಬಹುದು. ಆದರೆ ಮನೆ ಬಿಟ್ಟುಬಂದವರೂ ಆ ಮನೆಯಲ್ಲಿ ಈಗಿರುವವರೂ ಒಪ್ಪದೆ ಅದು ನಿಲ್ಲುವುದಿಲ್ಲ.

ಚರ್ಚೆಗೆ:
1. ಮುಳುಗಡೆಯಲ್ಲಿ ಮನೆ ಕಳೆದುಕೊಂಡವರಿಗೂ ಯುದ್ಧದಲ್ಲಿ ಮನೆ ಬಿಟ್ಟವರಿಗೂ ಕೊಡುವ ಪರಿಹಾರದಲ್ಲಿ ಯಾವ ವ್ಯತ್ಯಾಸ ಇರಬೇಕು?
2. ಅಲ್ಪಸಂಖ್ಯಾತರಿಗೆ ತಡೆಯಾಜ್ಞೆಯ ಅಧಿಕಾರ ಕೊಟ್ಟರೆ ಆಗುವ ಒಳಿತೇನು, ತೊಡಕೇನು?
3. ನಿಮ್ಮ ಮನೆಯ ಹಿರಿಯರಿಂದ ಹಳೆಯ ಊರಿನ ವಿವರ ಕೇಳಿ, ಒಂದು ಪುಟ ಬರೆಯಿರಿ.